ಎಸಿ ಕೋಣೆಯಲ್ಲಿ ಬೆಳಿಗ್ಗೆ ತಲೆಭಾರ: ಮನೆಯ ಗಾಳಿ ಎಲ್ಲಿ ಕಟ್ಟಿದೆ ಎಂದು ಹುಡುಕುವ ಬಗೆ

ಮಂಗಳೂರು, ಉಡುಪಿಯ ಹಳೆಯ ಹಂಚಿನ ಮನೆಗಳಲ್ಲಿ ಈ ತೊಂದರೆ ಕಡಿಮೆ. ಹಂಚಿನ ಸಂದಿ, ಮರದ ಜಾಲರಿ, ಮಾಡಿನ ಕೆಳಗಿನ ತೆರಪು, ಹೀಗೆ ಗಾಳಿ ಹೋಗಿಬರಲು ದಾರಿ ಬೇಕಾದಷ್ಟಿತ್ತು. ಈಗ ಸೆಕೆಗೆ ಎಸಿ, ಸೊಳ್ಳೆಗೆ ಮೆಶ್, ಮಳೆಗೆ ಬಿಗಿಯಾದ ಸ್ಲೈಡಿಂಗ್ ಕಿಟಕಿ. ಒಂದೊಂದಕ್ಕೂ ಸರಿಯಾದ ಕಾರಣ ಇದೆ. ಮೂರೂ ಸೇರಿದಾಗ ಮಾತ್ರ ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತಿರುತ್ತದೆ.

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಈಗ ಸುಮಾರು 425 ಪಿಪಿಎಂ ಇದೆ. ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 425 ಪಾಲು. ನಾವು ಬಿಡುವ ಉಸಿರಿನಲ್ಲಿ ಅದು ಹತ್ತಿರ ಹತ್ತಿರ 40,000. ಕೋಣೆಯಲ್ಲಿ ಅಂಕಿ ಏರುತ್ತಿದೆ ಎಂದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದೀರಿ ಎಂದರ್ಥ. 1000 ದಾಟಬಾರದು ಎಂಬ ಮಾತು ಹೊಸದೇನಲ್ಲ. ಜರ್ಮನಿಯ ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಹೇಳಿದ್ದು. 1000 ಎಂದರೆ ವಿಷ ಅಂತಲ್ಲ. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ 8 ಗಂಟೆಯ ಸರಾಸರಿ ಮಿತಿ 5000 ಇದೆ. ಮನೆಯಲ್ಲಿ ಈ ಅಂಕಿಯನ್ನು ನೋಡುವುದು ಹೊಸ ಗಾಳಿ ಎಷ್ಟು ಬರುತ್ತಿದೆ ಎಂದು ತಿಳಿಯಲು. ಹಾಗಾಗಿ ದೋಷ ಹುಡುಕುವಾಗ ಮೊದಲ ಪ್ರಶ್ನೆ ಒಂದೇ: ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ?

ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆ ತಿರುಗುತ್ತಿದೆ, ವಾಂತಿ ಬರುವಂತಾಗುತ್ತಿದೆ

ಇಲ್ಲಿ ಪರೀಕ್ಷೆ ಮಾಡುತ್ತಾ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ.

ಇದು ಕಾರ್ಬನ್ ಮೊನಾಕ್ಸೈಡ್ ಇರಬಹುದು. ಹೆಸರು ಹತ್ತಿರದ್ದು, ಸ್ವಭಾವ ಪೂರ್ತಿ ಬೇರೆ. ಬಣ್ಣ ಇಲ್ಲ, ವಾಸನೆ ಇಲ್ಲ, ಸ್ವಲ್ಪವೇ ಸಾಕು ಜೀವ ತೆಗೆಯಲು. ಬೆಂಕಿ ಸರಿಯಾಗಿ ಉರಿಯದಿದ್ದಾಗ ಹುಟ್ಟುತ್ತದೆ. ಬಚ್ಚಲಿನೊಳಗಿನ ಗ್ಯಾಸ್ ಗೀಸರ್, ಮುಚ್ಚಿದ ಜಗಲಿಯಲ್ಲಿಟ್ಟ ಜನರೇಟರ್, ಮಳೆಗಾಲದಲ್ಲಿ ಬಟ್ಟೆ ಒಣಗಿಸಲೆಂದು ಕೋಣೆಯೊಳಗೆ ಇಟ್ಟ ಗೆರಟೆ ಕೆಂಡ, ಮನೆಗೆ ತಾಗಿಕೊಂಡಿರುವ ಹಂಡೆ ಒಲೆ. ಅನುಮಾನ ಮೊದಲು ಇವುಗಳ ಮೇಲೆ.

ಗುರುತು ಹಿಡಿಯುವ ಬಗೆ: ಒಬ್ಬರಿಗಿಂತ ಹೆಚ್ಚು ಜನರಿಗೆ ಒಂದೇ ಹೊತ್ತಿಗೆ ತಲೆನೋವು, ವಾಕರಿಕೆ, ಕಾಲಿನಲ್ಲಿ ಬಲ ಇಲ್ಲದಂತಾಗುವುದು. ಜ್ವರ ಇರುವುದಿಲ್ಲ. ಹೊರಗೆ ಬಂದರೆ ಕಡಿಮೆ, ಒಳಗೆ ಹೋದರೆ ಮತ್ತೆ ಶುರು. ಸ್ನಾನಕ್ಕೆ ಹೋದವರು ಕರೆದರೂ ಮಾತನಾಡದಿದ್ದರೆ ಬಾಗಿಲು ಒಡೆದಾದರೂ ತೆರೆಯಿರಿ. ಗ್ಯಾಸ್ ಬಂದ್ ಮಾಡಿ, ಅವರನ್ನು ಬೇಗ ಹೊರಗೆ ಎಳೆದು ತನ್ನಿ, ನೀವೂ ಒಳಗೆ ನಿಲ್ಲಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ. ಹೊರಗೆ ಬಂದ ಮೇಲೆ ಆರಾಮ ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಗೀಸರ್ ಕಾರಣ ಇರಬಹುದು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹೊಟ್ಟೆ ಕೆಟ್ಟಿದೆ ಎಂದುಕೊಳ್ಳುವ ಸಾಧ್ಯತೆ ಇದೆ.

ಕಾರ್ಬನ್ ಡೈಆಕ್ಸೈಡ್ ಮೀಟರ್ ಈ ಅನಿಲವನ್ನು ಹಿಡಿಯುವುದಿಲ್ಲ. ಅದರಲ್ಲಿ 600 ಎಂದು ತೋರಿಸುತ್ತಿದೆ, ಹಸಿರು ದೀಪ ಇದೆ ಎಂದು ಧೈರ್ಯ ತಂದುಕೊಳ್ಳಬೇಡಿ. ಗ್ಯಾಸ್ ಗೀಸರ್ ಇರುವ ಮನೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆಯೇ ಬೇಕು. ಗೀಸರ್ ಇರಬೇಕಾದ್ದು ಬಚ್ಚಲಿನ ಹೊರಗೆ, ಹೊಗೆ ಕೊಳವೆಯ ಬಾಯಿ ಇರಬೇಕಾದ್ದು ಬಯಲಿಗೆ. ಫ್ಲ್ಯಾಟ್‌ನ ಡಕ್ಟ್‌ಗೆ ಬಿಟ್ಟರೆ ಅದು ಮೇಲಿನ ಮನೆಯವರ ಬಚ್ಚಲಿಗೆ ಹೋಗುತ್ತದೆ, ಅಷ್ಟೇ.

ಅಡುಗೆ ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಆದ್ದರಿಂದ ಕಿಟಕಿ ಮಾತ್ರ ಸಾಲದು, ಬಾಗಿಲನ್ನೂ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಎಸಿಯಲ್ಲಿ ಮಲಗಿ ಎದ್ದರೆ ತಲೆ ಭಾರ, ನಿದ್ದೆ ಸಾಲದ ಹಾಗೆ

ತುಂಬಾ ಮನೆಗಳ ದೂರು ಇದೇ. "ಎಸಿ ಉಂಟಲ್ಲ, ಹೊರಗಿನ ಫ್ರೆಶ್ ಗಾಳಿ ಬರ್ತದೆ" ಎನ್ನುವವರು ಈಗಲೂ ಇದ್ದಾರೆ. ಬರುವುದಿಲ್ಲ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅಲ್ಲೇ ಬಿಡುತ್ತದೆ. ಹೊರಗಿನ ಪೆಟ್ಟಿಗೆಗೆ ಹೋಗುವ ಪೈಪಿನಲ್ಲಿ ಇರುವುದು ತಂಪು ಮಾಡುವ ಅನಿಲ, ಗಾಳಿಯಲ್ಲ.

ಲೆಕ್ಕ ಹಾಕಿ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. ಮಲಗಿದ ಇಬ್ಬರು ದೊಡ್ಡವರು ಗಂಟೆಗೆ ಸುಮಾರು 25 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಎಲ್ಲೂ ಸೋರಿಕೆ ಇಲ್ಲದಿದ್ದರೆ ಗಂಟೆಗೆ ಹತ್ತಿರ ಹತ್ತಿರ 900 ಪಿಪಿಎಂ ಏರಬೇಕು. ಬಾಗಿಲಿನ ಸಂದಿ, ಕಿಟಕಿಯ ಸಂದಿ ಇರುವುದರಿಂದ ಅಷ್ಟು ಏರುವುದಿಲ್ಲ. ಆದರೂ ಬೆಳಗಿನ ಜಾವಕ್ಕೆ 2000 ದಾಟುವುದು ಮಾಮೂಲು. ಮಕ್ಕಳೂ ಅದೇ ಕೋಣೆಯಲ್ಲಿ ಮಲಗಿದರೆ ಇನ್ನೂ ಜಾಸ್ತಿ.

ಖರ್ಚಿಲ್ಲದ ಪರೀಕ್ಷೆ ಮೊದಲು. ಕೆಲವು ರಾತ್ರಿ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಮಲಗಿ. ಎಸಿ ಮಾಮೂಲಿನಂತೆ ಇರಲಿ. ಬೆಳಿಗ್ಗೆ ತಲೆ ಹಗುರ ಅನಿಸಿದರೆ ದೋಷ ಸಿಕ್ಕಿತು. ಬಾಗಿಲು ತೆರೆಯಲು ಆಗದವರು ಕಿಟಕಿಯನ್ನು ಎರಡು ಬೆರಳಿನಷ್ಟು ಸರಿಸಿಡಿ, ಮೆಶ್ ಮುಚ್ಚಿಯೇ ಇರಲಿ. ಕರೆಂಟ್ ಬಿಲ್ ಸ್ವಲ್ಪ ಏರುತ್ತದೆ. ಹೊಸ ಯಂತ್ರ ಕೊಳ್ಳುವುದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಯಾವ ಕಿಟಕಿ ಎಂಬುದೂ ಮುಖ್ಯ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ಹಗಲು ಹೊತ್ತು ಗಾಳಿ ಕಡಲಿನಿಂದ ಬರುತ್ತದೆ, ಅಂದರೆ ಪಡುವಣದಿಂದ. ರಾತ್ರಿ ತಿರುಗುತ್ತದೆ, ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಹಾಗಾಗಿ ಮಧ್ಯಾಹ್ನ ಪಶ್ಚಿಮದ ಕಿಟಕಿ, ರಾತ್ರಿ ಪೂರ್ವದ ಕಿಟಕಿ ತೆರೆದರೆ ಲಾಭ ಜಾಸ್ತಿ. ಒಂದೇ ಕಿಟಕಿ ಎಷ್ಟು ತೆರೆದರೂ ಗಾಳಿ ಒಳಗೆ ನುಗ್ಗುವುದಿಲ್ಲ. ಹೊರಡಲು ಇನ್ನೊಂದು ದಾರಿ ಬೇಕು.

ಅಟ್ಯಾಚ್ಡ್ ಬಾತ್‌ರೂಮ್ ಇದ್ದರೆ ಆ ದಾರಿ ರೆಡಿ ಇದೆ. ಅದರ ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾತ್‌ರೂಮ್ ಬಾಗಿಲು ಸ್ವಲ್ಪ ತೆರೆದಿಡಿ, ಕೋಣೆಯ ಕಿಟಕಿ ಎರಡು ಬೆರಳು ಸರಿಸಿ. ಆದರೆ ಆ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಇದನ್ನು ಮಾಡಲೇಬೇಡಿ. ಫ್ಯಾನ್ ಎಳೆತಕ್ಕೆ ಗೀಸರಿನ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಬದಲು ಒಳಗೇ ತಿರುಗಿ ಬರಬಹುದು.

ಎಸಿ ಫಿಲ್ಟರ್ ತೊಳೆದರೆ ಸರಿಯಾಗುತ್ತದೆಯೇ? ಮುಗ್ಗಲು ವಾಸನೆ ಹೋಗಬಹುದು, ಧೂಳು ಕಡಿಮೆಯಾಗಬಹುದು. ಕಾರ್ಬನ್ ಡೈಆಕ್ಸೈಡ್ ಒಂದು ಪಿಪಿಎಂ ಕೂಡ ಇಳಿಯುವುದಿಲ್ಲ. ಏರ್ ಪ್ಯೂರಿಫೈಯರ್ ಕೂಡ ಹಾಗೆಯೇ. ಮೂಲೆಯಲ್ಲಿಡುವ ಹಾವಿನ ಗಿಡ, ಮನಿಪ್ಲಾಂಟ್ ಚಂದ ಕಾಣುತ್ತವೆ, ಇಡಿ. ಇಬ್ಬರ ಉಸಿರನ್ನು ಸರಿಗಟ್ಟಲು ಕೋಣೆಯೊಳಗೆ ತೋಟವನ್ನೇ ತರಬೇಕಾದೀತು.

ಬಾಗಿಲು, ಕಿಟಕಿ ತೆರೆದು ಮಲಗಿದರೂ ತಲೆಭಾರ ಹಾಗೇ ಇದ್ದರೆ ಗಾಳಿಯನ್ನು ದೂರುವುದು ನಿಲ್ಲಿಸಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ರಕ್ತದೊತ್ತಡ, ಇವೆಲ್ಲ ಬೆಳಗಿನ ತಲೆನೋವಿಗೆ ಕಾರಣ ಆಗುತ್ತವೆ. ಅದು ವೈದ್ಯರ ಕೆಲಸ.

ಮಧ್ಯಾಹ್ನ ಕರಿದ ಬಂಗುಡೆಯ ವಾಸನೆ ರಾತ್ರಿಯೂ ಚಾವಡಿಯಲ್ಲಿದೆ

ಮೀಟರ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ವಾಸನೆ ಹೋಗಿಲ್ಲ ಎಂದರೆ ಗಾಳಿಯೂ ಹೋಗಿಲ್ಲ. ಒಂದೇ ಎಚ್ಚರ: ಒಳಗೇ ಇದ್ದವರ ಮೂಗಿಗೆ ವಾಸನೆ ಅಭ್ಯಾಸ ಆಗಿಬಿಟ್ಟಿರುತ್ತದೆ. ಹೊರಗಿನಿಂದ ಬಂದವರನ್ನು ಕೇಳಿ.

ಅಡುಗೆಕೋಣೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಜಾಲರಿಯ ಹತ್ತಿರ ಒಂದು ತುಂಡು ಪೇಪರ್ ಹಿಡಿಯಿರಿ. ಅಂಟಿಕೊಂಡು ನಿಂತರೆ ಸರಿ. ಅಲ್ಲಾಡಿ ಬಿದ್ದರೆ ಫ್ಯಾನ್ ತಿರುಗುವುದು ಶಬ್ದಕ್ಕೆ ಮಾತ್ರ. ಆಗ ಕಿಟಕಿ ಅಥವಾ ಬಾಗಿಲು ಸ್ವಲ್ಪ ತೆರೆದು ಮತ್ತೆ ಹಿಡಿದು ನೋಡಿ. ಈಗ ಅಂಟಿದರೆ ಫ್ಯಾನಿನ ದೋಷವಲ್ಲ, ಒಳಗೆ ಬರಲು ಗಾಳಿ ಇರಲಿಲ್ಲ. ಇನ್ನೂ ಅಂಟದಿದ್ದರೆ ಮೇನ್ ಸ್ವಿಚ್ ಆರಿಸಿ, ಎಣ್ಣೆ ಜಿಡ್ಡು ತೊಳೆಯಿರಿ, ಹೊರಗಿನ ಮುಚ್ಚಳದ ಪಟ್ಟಿಗಳು ಜಿಡ್ಡಿಗೆ ಅಂಟಿವೆಯೇ ನೋಡಿ. ಹಕ್ಕಿ ಗೂಡು ಕಟ್ಟಿರುವುದೂ ಉಂಟು.

ಚಿಮಣಿ ಇದ್ದವರು ಅದರ ಪೈಪ್ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೋಡಿ. ಪೈಪೇ ಇಲ್ಲದ, ಕಾರ್ಬನ್ ಫಿಲ್ಟರ್ ಇರುವ ಚಿಮಣಿ ಜಿಡ್ಡು, ವಾಸನೆ ಸ್ವಲ್ಪ ಹಿಡಿದು ಗಾಳಿಯನ್ನು ವಾಪಸ್ ಅಡುಗೆಕೋಣೆಗೇ ಬಿಡುತ್ತದೆ.

ಗ್ಯಾಸ್ ಒಲೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 3 ಕಿಲೋ ಕಾರ್ಬನ್ ಡೈಆಕ್ಸೈಡ್, ಒಂದೂವರೆ ಕಿಲೋಗಿಂತ ಜಾಸ್ತಿ ನೀರಿನ ಆವಿ ಬರುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಾಗ ಮನೆಯೊಳಗೆ ಸುಮಾರು 22 ಲೀಟರ್ ನೀರು ಆವಿಯಾಗಿ ಬಿದ್ದಿರುತ್ತದೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಎಂಬುದು ನಮಗೆಲ್ಲ ಗೊತ್ತು. ಅಷ್ಟು ಹೊತ್ತೂ ಫ್ಯಾನ್ ಇರಲಿ, ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಇರಲಿ. ಜ್ವಾಲೆ ಹಳದಿಯಾಗಿದ್ದರೆ, ಪಾತ್ರೆಯ ಅಡಿ ಕಪ್ಪಾಗುತ್ತಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ. ಬರ್ನರ್ ತೆಗೆದು ತೂತು ಸ್ವಚ್ಛ ಮಾಡಿ. ಆದರೂ ನೀಲಿ ಆಗದಿದ್ದರೆ ಒಲೆ ರಿಪೇರಿಯವರನ್ನು ಕರೆಯಿರಿ, ಜೆಟ್ ನೀವೇ ಕೆದಕಬೇಡಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೊದಲು ಅದು ಅಡುಗೆ ಗ್ಯಾಸಿನದ್ದಲ್ಲ ಎಂದು ಖಚಿತ ಮಾಡಿಕೊಳ್ಳಿ, ಆಮೇಲೆ ಮೆಟ್ಟಿಲ ಕೆಳಗೆ ನೋಡಿ. ಇನ್ವರ್ಟರ್ ಬ್ಯಾಟರಿ ಮಿತಿಮೀರಿ ಚಾರ್ಜ್ ಆದರೆ ಆ ವಾಸನೆ ಬರುತ್ತದೆ. ಬೆಂಕಿ, ಕಿಡಿ ಹತ್ತಿರ ಬೇಡ. ಬಾಗಿಲು ತೆರೆಯಿರಿ, ಮನೆಯವರನ್ನು ದೂರ ಇರಿಸಿ, ಮೇನ್ ಬೋರ್ಡ್ ಬೇರೆ ಕಡೆ ಇದ್ದರೆ ಅಲ್ಲಿಂದ ಚಾರ್ಜಿಂಗ್ ಕರೆಂಟ್ ತೆಗೆಯಿರಿ. ಮುಂದಿನದು ಬ್ಯಾಟರಿಯವರ ಕೆಲಸ.

ಟ್ಯೂಷನ್ ಕ್ಲಾಸಿನಲ್ಲಿ, ಕಚೇರಿಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿ ಬರುತ್ತದೆ

ಊಟದ ಮೇಲಿನ ನಿದ್ದೆಯೋ ಗಾಳಿಯ ದೋಷವೋ? ಬಿಡಿಸಿ ನೋಡುವುದು ಸುಲಭ. ಊಟಕ್ಕೆ ಮುಂಚೆ, ಹನ್ನೆರಡು ಗಂಟೆಗೂ ಆಕಳಿಕೆ ಇದ್ದರೆ ಊಟದ ತಪ್ಪಲ್ಲ. ಕಾರಿಡಾರಿಗೆ ಬಂದು ಐದು ನಿಮಿಷ ನಿಂತರೆ ಚುರುಕಾಗುತ್ತದೆಯೇ? ಹೊರಗಿನಿಂದ ಬಂದವರು ಬಾಗಿಲಲ್ಲೇ ಮುಖ ಸಿಂಡರಿಸುತ್ತಾರೆಯೇ? ಎರಡಕ್ಕೂ ಹೌದು ಎಂದರೆ ಗಾಳಿ ಕಟ್ಟಿದೆ.

ನಲವತ್ತು ಮಕ್ಕಳು ಕೂತ ಎಸಿ ಕ್ಲಾಸಿನಲ್ಲಿ ಅಂಕಿ ಏರಲು ಒಂದು ಪೀರಿಯಡ್ ಸಾಕು. ಪ್ರತಿ ಕ್ಲಾಸಿನ ನಡುವೆ ಹತ್ತು ನಿಮಿಷ ಎರಡೂ ಬದಿಯ ಕಿಟಕಿ, ಬಾಗಿಲು ತೆರೆದು ಫ್ಯಾನ್ ಹಾಕಿ, ಮಕ್ಕಳನ್ನು ಹೊರಗೆ ಬಿಡಿ. ಇದರಿಂದ ಸಿಗುವಷ್ಟು ಲಾಭ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ದಪ್ಪ ಪರದೆ ಕಿಟಕಿಯನ್ನು ಮುಚ್ಚಿದ್ದರೆ ಅದನ್ನೂ ಸರಿಸಿ. ಮೆಶ್ ಬೆಳಕಿಗೆ ಹಿಡಿದು ನೋಡಿ. ಹೆದ್ದಾರಿ ಬದಿಯ ಕಟ್ಟಡಗಳಲ್ಲಿ ತೂತುಗಳು ಧೂಳಿನಿಂದ ಅರ್ಧ ಮುಚ್ಚಿಹೋಗಿರುತ್ತವೆ. ಸೋಪು ನೀರು, ಹಳೆಯ ಬ್ರಷ್ ಸಾಕು.

ಕಾರಿಗೂ ಇದೇ ಮಾತು. ಗಾಳಿ ಒಳಗೇ ಸುತ್ತುವ ಬಟನ್ ಒತ್ತಿ, ನಾಲ್ವರು ಕೂತು, ಶಿರಾಡಿ ಘಾಟಿ ಹತ್ತುತ್ತಾ ಹೋದರೆ ಡ್ರೈವರಿಗೆ ತೂಕಡಿಕೆ ಬಂದರೆ ಆಶ್ಚರ್ಯವಿಲ್ಲ. ಲಾರಿಯ ಹೊಗೆ ಎದುರಿಗಿದ್ದಾಗ ಆ ಬಟನ್ ಇರಲಿ, ದಾಟಿದ ಮೇಲೆ ತೆಗೆಯಿರಿ.

ಮಳೆಗಾಲದಲ್ಲಿ ಗೋಡೆಗೆ ಬೂಸ್ಟು, ಕಪಾಟಿನ ಬಟ್ಟೆಗೆ ಮುಗ್ಗಲು ವಾಸನೆ

ಕರಾವಳಿಯ ಕಷ್ಟ ಇರುವುದೇ ಇಲ್ಲಿ. ಉಸಿರಿನ ಗಾಳಿ ಹೊರಗೆ ಹೋಗಲು ಕಿಟಕಿ ತೆರೆಯಬೇಕು. ಆಟಿ ತಿಂಗಳಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದು ನೀರು ತುಂಬಿದ ಗಾಳಿ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ "ಕಿಟಕಿ ತೆರೆಯಿರಿ, ತೇವ ಹೋಗುತ್ತದೆ" ಎಂದಿರುತ್ತದೆ. ಜುಲೈ ತಿಂಗಳ ಉಡುಪಿಯಲ್ಲಿ ಅದು ನಡೆಯುವುದಿಲ್ಲ. ಇವು ಎರಡು ಬೇರೆ ದೋಷ, ಮದ್ದೂ ಬೇರೆ ಬೇರೆ.

ನಮಗೆ ಸರಿಹೋಗುವುದು ಹೀಗೆ: ಮಳೆ ಬಿಟ್ಟ ಹೊತ್ತು ನೋಡಿ ಬೆಳಿಗ್ಗೆ, ಸಂಜೆ ಹತ್ತು ಹದಿನೈದು ನಿಮಿಷ ಎದುರುಬದುರು ಕಿಟಕಿ ಪೂರ್ತಿ ತೆರೆಯಿರಿ. ಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದಿಂದ. ಆದ್ದರಿಂದ ಮಳೆಯಲ್ಲೂ ಪೂರ್ವದ ಕಿಟಕಿ ಸ್ವಲ್ಪ ತೆರೆದಿಡಬಹುದು. ಉಳಿದ ಹೊತ್ತು ಮುಚ್ಚಿ, ಎಸಿಯನ್ನು ಡ್ರೈ ಮೋಡಿನಲ್ಲಿ ಹಾಕಿ, ಅಥವಾ ತೇವ ಹೀರುವ ಡಿಹ್ಯುಮಿಡಿಫೈಯರ್ ಹಾಕಿ. ಒಳಗಿನ ತೇವಾಂಶ 60 ಶೇಕಡಾದ ಹತ್ತಿರ ಬಂದರೆ ಬೂಸ್ಟು ಬೆಳೆಯಲು ಕಷ್ಟ. ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕಬೇಡಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತನ್ನಿ.

ಆದರೆ ತೇವ ಬರುತ್ತಿರುವುದು ಗಾಳಿಯಿಂದಲೋ ಗೋಡೆಯಿಂದಲೋ ಎಂದು ಮೊದಲು ತಿಳಿಯಬೇಕು. ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ನಮ್ಮ ಕಡೆಯ ಮೈಯಲ್ಲಿ ಹನಿ ಕೂತರೆ ಕೋಣೆಯ ಗಾಳಿಯದ್ದು. ಗೋಡೆ ಕಡೆಯ ಮೈ ಒದ್ದೆಯಾದರೆ ಗೋಡೆಯೊಳಗಿನಿಂದ ಬರುತ್ತಿದೆ. ಹೊರಗೋಡೆಯ ಬಿರುಕು, ತಾರಸಿ, ಬಚ್ಚಲಿನ ಪೈಪು, ಎಲ್ಲೋ ಸೋರುತ್ತಿದೆ. ಇಲ್ಲಿ ಡಿಹ್ಯುಮಿಡಿಫೈಯರ್ ಓಡಿಸುವುದು ದುಡ್ಡು ದಂಡ. ಗಾರೆಯವರನ್ನೋ ಪ್ಲಂಬರನ್ನೋ ಕರೆಯಿರಿ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಎಲೆಕ್ಟ್ರಿಷಿಯನ್ ಮೊದಲು.

ಸಣ್ಣ ಬೂಸ್ಟನ್ನು ಸೋಪು ನೀರಿನಿಂದ ಒರೆಸಿ. ಒಣ ಬಟ್ಟೆಯಿಂದ ಉಜ್ಜಿದರೆ ಪುಡಿ ಗಾಳಿಯಲ್ಲಿ ಹಾರುತ್ತದೆ, ಮಾಸ್ಕ್ ಇರಲಿ. ಬ್ಲೀಚಿಂಗ್ ದ್ರಾವಣ ಬಳಸುವುದಾದರೆ ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಆಸ್ತಮಾ ಇರುವವರು ಈ ಕೆಲಸದಿಂದ ದೂರ ಇರಲಿ.

ಕೆಮ್ಮು, ಕಣ್ಣುರಿ ಇದೆ, ಮೀಟರ್ ಮಾತ್ರ ಸರಿ ತೋರಿಸುತ್ತದೆ

ಇದು ಹೊಗೆಯ ಕಣಗಳ ದೋಷ. ಸಂಜೆ ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿ, ಒಳಗೆ ಸೊಳ್ಳೆ ಬತ್ತಿ ಹಚ್ಚುವ ಅಭ್ಯಾಸ ನಮ್ಮಲ್ಲಿದೆ. ಮಲೇರಿಯಾ ಕಂಡ ಊರು, ತಪ್ಪೆನ್ನಲಾಗದು. ಆದರೆ ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬರುತ್ತದೆ ಎಂದು 2003ರ ಒಂದು ಅಧ್ಯಯನ ಅಳೆದು ಹೇಳಿದೆ. ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿ, ಕೆಮ್ಮು ಕಡಿಮೆಯಾಗುತ್ತದೆಯೇ ನೋಡಿ. ಅಗರಬತ್ತಿ, ಧೂಪವನ್ನು ಕಿಟಕಿ ತೆರೆದು ಹಚ್ಚಿ. ಪ್ಯೂರಿಫೈಯರ್ ಉಪಯೋಗಕ್ಕೆ ಬರುವುದು ಇಲ್ಲಿ. ಉಬ್ಬಸ ಬಂದರೆ, ರಾತ್ರಿ ಕೂತೇ ಉಸಿರಾಡಬೇಕಾದರೆ ಮನೆಮದ್ದು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಮೀಟರ್ ಕೊಂಡೆ, ಅಂಕಿ ನಂಬಲಾಗುತ್ತಿಲ್ಲ

ತೀರಾ ಅಗ್ಗದ ಮೀಟರುಗಳಲ್ಲಿ ಕೆಲವು ಕಾರ್ಬನ್ ಡೈಆಕ್ಸೈಡ್ ಅಳೆಯುವುದೇ ಇಲ್ಲ. ಬೇರೆ ಅನಿಲ ನೋಡಿ ಅಂದಾಜು ಅಂಕಿ ಹೇಳುತ್ತವೆ. ಪತ್ತೆ ಹಚ್ಚಲು ಕೈಗೆ ಸ್ಯಾನಿಟೈಸರ್ ಹಾಕಿ ಮೀಟರಿನ ಹತ್ತಿರ ಹಿಡಿಯಿರಿ. ಅಂಕಿ ಜಿಗಿದರೆ ಅದು ಅಂದಾಜಿನ ಮೀಟರ್. ಕೊಳ್ಳುವಾಗ ಡಬ್ಬದ ಮೇಲೆ ಎನ್‌ಡಿಐಆರ್ (NDIR, ಇನ್‌ಫ್ರಾರೆಡ್ ಬೆಳಕಿನಿಂದ ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವ ಬಗೆ) ಎಂದಿದೆಯೇ ನೋಡಿ.

ಒಳ್ಳೆಯ ಮೀಟರನ್ನು ಅಂಗಳಕ್ಕೆ ತಂದಿಟ್ಟರೆ 400ರಿಂದ 450ರ ಹತ್ತಿರ ನಿಲ್ಲಬೇಕು. ಎಸಿ ಕೋಣೆಯಿಂದ ತಂದ ಕೂಡಲೇ ಓದಬೇಡಿ. ತಣ್ಣಗಿನ ಮೀಟರ್ ಹೊರಗೆ ಬೆವರುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಬಿಡಿ. ಅನೇಕ ಮೀಟರುಗಳು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಿನ ಗಾಳಿ ಎಂದುಕೊಂಡು ತಮ್ಮನ್ನು ತಿದ್ದಿಕೊಳ್ಳುತ್ತವೆ. ಸದಾ ಮುಚ್ಚಿದ ಕೋಣೆಯಲ್ಲೇ ಇಟ್ಟರೆ ಸುಳ್ಳು ಹೇಳಲು ಕಲಿಯುತ್ತವೆ. ವಾರಕ್ಕೊಮ್ಮೆ ಹೊರಗೆ ಇಡಿ. ಒಳಗೆ ಇಡುವಾಗ ತಲೆದಿಂಬಿನ ಪಕ್ಕವೂ ಬೇಡ, ಕಿಟಕಿಯ ಮೇಲೂ ಬೇಡ.

ಮೀಟರ್ ಸರಿ ಇದ್ದರೆ ಅದರಿಂದ ಇನ್ನೊಂದು ಕೆಲಸ ಆಗುತ್ತದೆ. ಬೆಳಿಗ್ಗೆ ಎಲ್ಲರೂ ಕೋಣೆಯಿಂದ ಹೊರಬಂದ ಮೇಲೆ ಬಾಗಿಲು ಹಾಕಿ ಅಂಕಿ ಇಳಿಯುವುದನ್ನು ನೋಡಿ. ಹೊರಗೆ 420, ಒಳಗೆ 1420 ಇದ್ದರೆ ಹೆಚ್ಚುವರಿ 1000. ಅದು 500ಕ್ಕೆ, ಅಂದರೆ 920ಕ್ಕೆ ಇಳಿಯಲು ಎಷ್ಟು ಗಂಟೆ ಬೇಕಾಯಿತು? 0.7ನ್ನು ಆ ಗಂಟೆಯಿಂದ ಭಾಗಿಸಿ. ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎಂಬುದು ಸಿಕ್ಕಿತು. ಎರಡು ಗಂಟೆ ಬೇಕಾದರೆ 0.35, ತೀರಾ ಕಡಿಮೆ. ಕಾಲು ಗಂಟೆಯಲ್ಲಿ ಇಳಿದರೆ 2.8, ಮಲಗುವ ಕೋಣೆಗೆ ಧಾರಾಳ.

ಎಲ್ಲ ಮಾಡಿದರೂ ಇಳಿಯುತ್ತಿಲ್ಲ

ಇನ್ನು ಉಳಿದದ್ದು ಗೋಡೆಯ ಕೆಲಸ. ಮೊದಲು ಉರಿಯುವ ಅಗರಬತ್ತಿಯನ್ನು ಬಾಗಿಲ ಅಡಿ, ಕಿಟಕಿ ಸಂದಿ, ವೆಂಟಿಲೇಟರ್ ಹತ್ತಿರ ಹಿಡಿದು ಹೊಗೆ ಎತ್ತ ಹೋಗುತ್ತದೆ ನೋಡಿ. ಎಲ್ಲೂ ಅಲ್ಲಾಡದಿದ್ದರೆ ಕೋಣೆಗೆ ದಾರಿಯೇ ಇಲ್ಲ. ಬಾಗಿಲಿನ ಅಡಿಯನ್ನು ಒಂದು ಬೆರಳಿನಷ್ಟು ಕತ್ತರಿಸುವುದು ಬಡಗಿಗೆ ಸಣ್ಣ ಕೆಲಸ. ಬಾಗಿಲ ಮೇಲೆ ಗಾಜು ಕೂರಿಸಿದ ವೆಂಟಿಲೇಟರ್ ಇದ್ದರೆ ಗಾಜು ತೆಗೆದು ಮೆಶ್ ಹಾಕಿಸಿ. ಹಳೆಯ ಮನೆಗೆ ಎಸಿ ಹಾಕಿಸುವಾಗ ಇವನ್ನೇ ಮುಚ್ಚಿರುತ್ತಾರೆ. ಆಮೇಲೆ ಒಂದು ಸಣ್ಣ, ಶಬ್ದ ಕಡಿಮೆ ಇರುವ ಎಕ್ಸಾಸ್ಟ್ ಫ್ಯಾನ್, ಎಸಿಗೆ ದೂರದ ಗೋಡೆಯಲ್ಲಿ.

ಫ್ಲ್ಯಾಟ್ ಆದರೆ ಹೊರಗೋಡೆ ಕೊರೆಯುವ ಮುಂಚೆ ಅಸೋಸಿಯೇಷನ್ ಒಪ್ಪಿಗೆ ಬೇಕು. ಕಂಬ, ತೊಲೆಗೆ ಯಾವ ಕಾರಣಕ್ಕೂ ತೂತು ಬೇಡ. ಕೊರೆಯುವವರಿಗೆ ತೂತು ಹೊರಗಡೆಗೆ ಸ್ವಲ್ಪ ಇಳಿಜಾರು ಇರಲಿ ಎಂದು ಹೇಳಿ, ಮೇಲೆ ಮಳೆ ಮುಚ್ಚಳ ಹಾಕಿಸಿ. ಇಲ್ಲದಿದ್ದರೆ ಜೂನ್ ಮೊದಲ ವಾರದಲ್ಲೇ ಅದೇ ತೂತಿನಿಂದ ನೀರು ಹಾಸಿಗೆಗೆ ಬರುತ್ತದೆ.